ಕೆಂಚಿಯ ನೌಕರಿ

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಜಯಕ್ಕನ ಮನೆಗೂ ರೇಷ್ಮೆ ಸೀರೆ ಸಹಕಾರ ಸಂಘದ ಗೋದಾಮಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಬುಡದಲ್ಲಿ ಹಳೆಯ ಬಚ್ಚಲ ಕಂಡಿಯೊಂದಿತ್ತು. ಅದರಲ್ಲಿ ನೀರು ಹರಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಈಗ ಅದರ ಮೂಲಕ ಹೋಗಿಬರುತ್ತಿದ್ದದ್ದು ಕೆಂಚಿ ಎಂಬ ಬೆಕ್ಕು.

ಜಯಕ್ಕ ಗಂಡ ಸತ್ತ ಮೇಲೆ ಮಗ್ಗವನ್ನು ಬೇರೆಯವರಿಗೆ ಕೊಟ್ಟು, ಓಣಿಯ ನೇಕಾರರ ಲಾಳಿಗಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟು, ಸಂಘದ ಗೋದಾಮು ಗುಡಿಸಿ ಜೀವನ ಮಾಡುತ್ತಿದ್ದ ಹೆಂಗಸು. ಕೆಂಚಿಯನ್ನು ಅವಳು ಎಲ್ಲಿಂದಲೂ ತಂದಿರಲಿಲ್ಲ. ಒಂದು ಮಳೆಯ ದಿನ ತಾನೇ ಬಂದು ರಾಟೆಯ ಪಕ್ಕ ಮಲಗಿತು, ಎದ್ದು ಹೋಗಲಿಲ್ಲ. ಬೆಳಿಗ್ಗೆ ಒಂದಿಷ್ಟು ಮಜ್ಜಿಗೆ ಅನ್ನ ಹಾಕಿದರೆ ಆಯಿತು. ಮಿಕ್ಕ ಊಟವನ್ನು ಅದು ಗೋದಾಮಿನಲ್ಲಿ ನೋಡಿಕೊಳ್ಳುತ್ತಿತ್ತು. ಹೊಟ್ಟೆ ತುಂಬಿದ ದಿನ ಹಿಡಿದ ಇಲಿಯನ್ನು ತಂದು ಜಯಕ್ಕನ ಹೊಸ್ತಿಲ ಮೇಲೆ ಇಡುತ್ತಿತ್ತು. ಜಯಕ್ಕ ಅದಕ್ಕೆ ಚೆನ್ನಾಗಿ ಬೈದು, ಸತ್ತ ಇಲಿಯನ್ನು ಮುರುಕು ಮೊರದಲ್ಲಿ ಎತ್ತಿ ತಿಪ್ಪೆಗೆ ಎಸೆದು, ಹೊಸ್ತಿಲು ತೊಳೆದು ಕೆಲಸಕ್ಕೆ ಕೂರುತ್ತಿದ್ದಳು.

ಹೀಗೆ ಗೋದಾಮಿನಲ್ಲಿ ಇಲಿಗಳು ಕಡಿಮೆಯಾಗುತ್ತ ಬಂದಿದ್ದರೂ ಸಂಘದ ವರದಿಗಳಲ್ಲಿ ಮಾತ್ರ ಅವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಸಂಘದ ಕಾರ್ಯದರ್ಶಿ ಕಿರಣ್‌ಕುಮಾರ್ ಸರ್ವಸದಸ್ಯರ ಸಭೆಯಲ್ಲಿ ಪ್ರತಿ ವರ್ಷ ದುಃಖದ ದನಿಯಲ್ಲಿ ಓದುತ್ತಿದ್ದ ವರದಿಯಲ್ಲಿ ‘ಇಲಿ ಹಾವಳಿಯಿಂದಾದ ನಷ್ಟ’ ಎಂಬ ಭಾಗವೇ ಎಲ್ಲಕ್ಕಿಂತ ಉದ್ದ. ಆ ಗೋದಾಮಿನ ಇಲಿಗಳ ರುಚಿ ಸಾಮಾನ್ಯದ್ದಲ್ಲ. ಹತ್ತಿ ನೂಲನ್ನು ಅವು ಮೂಸಿಯೂ ನೋಡುತ್ತಿರಲಿಲ್ಲ. ರೇಷ್ಮೆಯಾದರೆ ಒಳ್ಳೆಯ ಹುರಿಯದ್ದು, ಜರಿಯಾದರೆ ಸೂರತ್ತಿನ ಅಸಲಿ ಜರಿ, ಇವೇ ಆಗಬೇಕು. ತಿಂದ ಮೇಲೆ ಚೂರುಪಾರು ಉಳಿಸುತ್ತಿರಲಿಲ್ಲ, ರಟ್ಟಿನ ಪೆಟ್ಟಿಗೆಯನ್ನೂ ಬಿಡುತ್ತಿರಲಿಲ್ಲ. ಒಂದು ವರ್ಷ ಎಲೆಕ್ಟ್ರಾನಿಕ್ ತಕ್ಕಡಿಯ ವೈರು ಕಡಿದವು. ಆಮೇಲೆ ತಕ್ಕಡಿಯೂ ಕಾಣಲಿಲ್ಲ. ಸದಸ್ಯರು ಎಲ್ಲ ಕೇಳಿ, ತಲೆಯಾಡಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ವಿಷಯ ಏನೆಂದು ಅವರಿಗೆ ತಿಳಿದೇ ಇತ್ತು. ಆದರೆ ಕಿರಣ್‌ಕುಮಾರನನ್ನು ಎದುರು ಹಾಕಿಕೊಂಡವರಿಗೆ ಮುಂದಿನ ತಿಂಗಳ ನೂಲು ತಡವಾಗಿ ಸಿಗುತ್ತಿತ್ತು. ಇಲಿಗಳ ಮೇಲೆ ಹೊರಿಸಿದರೆ ಇಲಿಗಳು ತಕರಾರು ಮಾಡುತ್ತಿರಲಿಲ್ಲ.

ಸಂಘದ ಅಧ್ಯಕ್ಷ ಚಂದ್ರಣ್ಣ ಕಳ್ಳನಲ್ಲ. ಅವನಿಗೆ ನೂಲೂ ಬೇಡ, ಜರಿಯೂ ಬೇಡ. ಹಾರ, ಶಾಲು, ಪೇಪರಿನಲ್ಲಿ ಫೋಟೋ ಇಷ್ಟು ಸಿಕ್ಕರೆ ಸಾಕಿತ್ತು. ಗೋದಾಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಅವನು ಕೇಳಿದವನಲ್ಲ. ಇಂಥ ಚಂದ್ರಣ್ಣನಿಗೆ ಸಹಕಾರ ಸಂಘಗಳ ಅಧ್ಯಕ್ಷರ ತಂಡವೊಂದರ ಜೊತೆ ರಷ್ಯಾಕ್ಕೆ ಅಧ್ಯಯನ ಪ್ರವಾಸ ಹೋಗುವ ಯೋಗ ಬಂತು. ಅಲ್ಲಿ ಅವರನ್ನು ಸೇಂಟ್ ಪೀಟರ್ಸ್‌ಬರ್ಗ್ ಎಂಬ ದೊಡ್ಡ ಊರಿಗೆ ಕರೆದೊಯ್ದರು. ಹಿಂದಿನ ಕಾಲದ ರಾಜಧಾನಿ. ಹೊಳೆಯ ದಂಡೆಯ ಮೇಲೆ ಅರಮನೆ, ಅರಮನೆಯ ತುಂಬ ಚಿತ್ರಗಳು. ನಾಲ್ಕಾರು ಕೋಣೆ ನೋಡುವಷ್ಟರಲ್ಲಿ ಚಂದ್ರಣ್ಣನ ಮಂಡಿ ಹಿಡಿದುಕೊಂಡವು. ಬೆಂಚಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಾಗ ತಂಡದ ಗೈಡು ಹೇಳಿದ ಒಂದು ಮಾತು ಅವನ ಕಿವಿಗೆ ಬಿತ್ತು. ಈ ಅರಮನೆಯ ನೆಲಮಾಳಿಗೆಯಲ್ಲಿ ರಾಣಿಯೊಬ್ಬಳ ಕಾಲದಿಂದಲೂ ಇಲಿ ಹಿಡಿಯಲು ಬೆಕ್ಕುಗಳನ್ನು ಇಟ್ಟಿದ್ದಾರೆ, ಅವುಗಳ ಆರೈಕೆಗೆ ಜನರಿದ್ದಾರೆ, ಅವುಗಳ ಚಿತ್ರವಿರುವ ಚೀಲ, ಲೋಟಗಳನ್ನು ಪ್ರವಾಸಿಗರು ಮುಗಿಬಿದ್ದು ಕೊಳ್ಳುತ್ತಾರೆ ಎಂದು. ಊರಿಗೆ ಮರಳುವಾಗ ಚಂದ್ರಣ್ಣನ ತಲೆಯಲ್ಲಿ ಉಳಿದಿದ್ದ ರಷ್ಯಾ ಎಂದರೆ ಇಷ್ಟೇ.

ಸಂಘದ ಸಭಾಂಗಣದಲ್ಲಿ ಅವನಿಗೆ ಸನ್ಮಾನವಾಯಿತು. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ತಾಲ್ಲೂಕು ನಮ್ಮದು, ಪ್ರಾಣಿಗಳನ್ನು ಗೌರವದಿಂದ ಕಾಣಬೇಕೆಂದು ರಷ್ಯಾದವರಿಗಿಂತ ಸಾವಿರಾರು ವರ್ಷ ಮೊದಲೇ ನಮಗೆ ಕಲ್ಲಿನಲ್ಲಿ ಬರೆದು ಹೇಳಿದ್ದಾರೆ, ಆದರೆ ನಾವು ಓದಲಿಲ್ಲ ಎಂದು ಅವನು ಭಾಷಣ ಮಾಡಿದ. ಇನ್ನು ಮುಂದೆ ನಮ್ಮ ಗೋದಾಮಿನಲ್ಲೂ ಒಂದು ಬೆಕ್ಕು ನೌಕರಿಯಲ್ಲಿರುತ್ತದೆ, ನಮ್ಮ ಸೀರೆ ಪೆಟ್ಟಿಗೆಗಳ ಮೇಲೆ ಅದರ ಚಿತ್ರವಿರುತ್ತದೆ ಎಂದು ಸಾರಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕಿರಣ್‌ಕುಮಾರ್. ಭಾಷಣದಲ್ಲಿ ಹೇಳಿದ್ದನ್ನು ಅಧ್ಯಕ್ಷರು ಮಾಡಿದ ಉದಾಹರಣೆ ಆ ಸಂಘದಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಂದ್ರಣ್ಣ ಬಂದು ಬೆಕ್ಕು ಎಲ್ಲಿ ಎಂದು ಕೇಳಿದಾಗ ಕಿರಣ್‌ಕುಮಾರನಿಗೆ ಚಪ್ಪಾಳೆ ತಟ್ಟಿದ್ದು ತಪ್ಪಾಯಿತೆನ್ನಿಸಿತು. ಅಂಥ ಹುದ್ದೆ ಮಂಜೂರಾಗಿಲ್ಲ ಎಂದ. ಗೌರವ ಹುದ್ದೆ ಮಾಡೋಣ ಎಂದ ಚಂದ್ರಣ್ಣ. ಹಾಗಾದರೆ ಒಳ್ಳೆಯ ಜಾತಿಯ ಬೆಕ್ಕನ್ನು ಬೆಂಗಳೂರಿನಿಂದ ತರಿಸಬೇಕು, ಅದಕ್ಕೆ ಕೊಟೇಶನ್ ಕರೆಯಬೇಕು, ಆರು ತಿಂಗಳಾದರೂ ಬೇಕು ಎಂದ ಕಿರಣ್‌ಕುಮಾರ್. ಬಾಗಿಲ ಬಳಿ ಚಹಾದ ಲೋಟ ಹಿಡಿದು ನಿಂತಿದ್ದ ಕಾವಲುಗಾರ ಯತ್ತಪ್ಪ, ಯಾರೂ ಕೇಳದಿದ್ದರೂ, ನಮ್ಮ ಜಯಕ್ಕನ ಕೆಂಚಿ ದಿನಾ ಗೋದಾಮಿನಲ್ಲಿ ಇಲಿ ಹಿಡಿಯುತ್ತಲೇ ಇದೆಯಲ್ಲ ಎಂದುಬಿಟ್ಟ. ಕಿರಣ್‌ಕುಮಾರ್ ಅವನ ಕಡೆ ನೋಡಿದ ನೋಟಕ್ಕೆ ಯತ್ತಪ್ಪ ಚಹಾದ ಲೋಟ ಕೆಳಗಿಟ್ಟ.

ಮೂವರೂ ಜಯಕ್ಕನ ಮನೆಗೆ ಬಂದರು. ಜಯಕ್ಕ ರಾಟೆ ನಿಲ್ಲಿಸಿ ಎದ್ದು ಚಾಪೆ ಹಾಸಿದಳು.

“ಜಯಕ್ಕ, ನಿನ್ನ ಬೆಕ್ಕನ್ನ ಸಂಘಕ್ಕೆ ಕೊಡಬೇಕು,” ಎಂದ ಚಂದ್ರಣ್ಣ.

“ನಾನೆಂಗೆ ಕೊಡ್ಲಿ ಚಂದ್ರಣ್ಣ? ಅದು ನಂದಲ್ಲ. ಮನಸು ಬಂದಾಗ ಬರ್ತೈತೆ, ಹೋಗ್ತೈತೆ.”

“ಬರ್ಲಿ, ಹೋಗ್ಲಿ. ಇನ್ಮೇಲೆ ಅದು ಸಂಘದಾಗೆ ನೌಕರಿ ಮಾಡ್ತೈತೆ ಅಂತ ಇರ್ಲಿ.”

“ಈಗ್ಲೂ ಮಾಡ್ತಾನೇ ಐತಲ್ಲಪ್ಪ. ನೌಕರಿ ಅಂದ್ರೆ ಹೊಸದಾಗಿ ಇನ್ನೇನು ಮಾಡ್ಬೇಕು?”

ಚಂದ್ರಣ್ಣ ಸ್ವಲ್ಪ ಯೋಚಿಸಿ, ಫೋಟೋ ತೆಗೆಸಿಕೊಳ್ಳಬೇಕು ಎಂದ.

ಫೋಟೋ ತೆಗೆದದ್ದೂ ಆಯಿತು. ಕೆಂಚಿ ಎಂಬ ಹೆಸರು ಸಂಘದ ಘನತೆಗೆ ಸಾಲದೆಂದು ರೇಷ್ಮಾದೇವಿ ಎಂದು ಹೆಸರಿಟ್ಟು, ‘ಗೌರವ ಉಗ್ರಾಣ ರಕ್ಷಕಿ’ ಎಂಬ ಹುದ್ದೆ ಕೊಟ್ಟರು. ಕೊರಳಿಗೆ ಕೆಂಪು ಪಟ್ಟಿ, ಪಟ್ಟಿಗೆ ಸಂಘದ ಮೊಹರು ಒತ್ತಿದ ಗುರುತಿನ ಚೀಟಿ. ಗೋದಾಮಿನ ಗೋಡೆಯ ಮೇಲೆ ಬೆಕ್ಕಿನ ದೊಡ್ಡ ಚಿತ್ರ ಬರೆಸಿದರು. ಬರೆದವನು ಅಮ್ಮನ ಗುಡಿಗಳಲ್ಲಿ ಸಿಂಹ ಬರೆದು ಕೈ ಪಳಗಿದವನು. ಹಾಗಾಗಿ ಕೆಂಚಿಗೆ ಜೂಲು ಬಂದಿತ್ತು. ಸ್ಥಳೀಯ ಪತ್ರಿಕೆಯಲ್ಲಿ ‘ರಷ್ಯಾ ಮಾದರಿ ಮೊಳಕಾಲ್ಮೂರಿಗೆ’ ಎಂದು ಸುದ್ದಿಯಾಯಿತು. ಫೋಟೋದಲ್ಲಿ ಚಂದ್ರಣ್ಣ ಪೂರ್ತಿ ಕಾಣುತ್ತಿದ್ದ, ಕೆಂಚಿಯ ಬಾಲ ಕಾಣುತ್ತಿತ್ತು.

ಸೀರೆ ಪೆಟ್ಟಿಗೆಗಳ ಮೇಲೂ ಬೆಕ್ಕಿನ ಚಿತ್ರ ಬಂತು. ಆಗ ಒಂದು ತೊಡಕು ಕಾಣಿಸಿಕೊಂಡಿತು. ಮದುವೆ ಜವಳಿಗೆಂದು ಚಳ್ಳಕೆರೆಯಿಂದ ಬಂದಿದ್ದ ಒಂದು ಕುಟುಂಬದ ಹಿರಿಯ ಹೆಂಗಸು ಧಾರೆ ಸೀರೆಯ ಪೆಟ್ಟಿಗೆಯ ಮೇಲಿನ ಬೆಕ್ಕನ್ನು ಕಂಡು, ಸೀರೆಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಡಿ ಎಂದಳು. ಅಡ್ಡ ಬಂದರೆ ಜನ ಹೊರಟ ದಾರಿಯಿಂದ ವಾಪಸಾಗುವ ಪ್ರಾಣಿಯನ್ನು ಮದುಮಗಳ ಸೀರೆಯ ಜೊತೆ ಮನೆಗೆ ಕರೆದೊಯ್ಯಲು ಯಾರು ತಯಾರಿರುತ್ತಾರೆ? ಅಂಗಡಿಯವರು ಒಂದು ಉಪಾಯ ಮಾಡಿದರು. ಬೆಕ್ಕಿನ ಚಿತ್ರದ ಮೇಲೆ ಗಣಪತಿಯ ಸ್ಟಿಕ್ಕರ್ ಅಂಟಿಸಿದರು. ಗಣಪತಿಯ ಪಾದದ ಬಳಿ ಎಂದಿನಂತೆ ಇಲಿಯಿತ್ತು. ಹೀಗೆ ಇಲಿಯ ಕೆಳಗೆ ಬೆಕ್ಕನ್ನು ಮುಚ್ಚಿಟ್ಟುಕೊಂಡು ಸಂಘದ ಸೀರೆಗಳು ಎಂದಿನಂತೆ ಮದುವೆಗಳಿಗೆ ಹೋದವು.

ಕಿರಣ್‌ಕುಮಾರ್ ಸುಮ್ಮನೆ ಕೂತಿರಲಿಲ್ಲ. ಹೊಟ್ಟೆ ತುಂಬಿದ ಬೆಕ್ಕು ಇಲಿಯ ತಂಟೆಗೆ ಹೋಗುವುದಿಲ್ಲವೆಂದು ಯೋಚಿಸಿ, ರೇಷ್ಮಾದೇವಿಗೆ ಎರಡು ಹೊತ್ತು ಗಟ್ಟಿ ಹಾಲು ಕೊಡಬೇಕೆಂದು ತಾನೇ ಠರಾವು ಬರೆದ. ಅವನ ಔದಾರ್ಯಕ್ಕೆ ಚಂದ್ರಣ್ಣನ ಕಣ್ಣು ತೇವವಾಯಿತು. ಹಾಲು ಕುಡಿಸುವ ಜವಾಬ್ದಾರಿ ಯತ್ತಪ್ಪನಿಗೆ ಬಂತು. ಹಾಲು ಚಹಾಕ್ಕೆ ಹೋಯಿತು, ಕೆನೆ ಯತ್ತಪ್ಪನ ರೊಟ್ಟಿಗೆ ಹೋಯಿತು. ಯತ್ತಪ್ಪ ನೋಡನೋಡುತ್ತ ಗುಂಡಗಾದ. ಕೆಂಚಿ ಮೊದಲಿನಂತೆ ತೆಳ್ಳಗೆ, ಮೊದಲಿನಂತೆ ಚುರುಕಾಗಿ ಓಡಾಡಿಕೊಂಡಿತ್ತು.

ವರ್ಷ ತಿರುಗಿ ಸರ್ವಸದಸ್ಯರ ಸಭೆ ಬಂತು. ಕಿರಣ್‌ಕುಮಾರನಿಗೆ ಬೇರೆ ದಾರಿ ಇರಲಿಲ್ಲ. ಹೋದ ನೂಲು, ಹೋದ ಜರಿಗೆ ಕಾರಣ ಹೇಳಲೇಬೇಕಿತ್ತು. ಇಲಿ ಹಾವಳಿಯ ಭಾಗವನ್ನು ಈ ಸಲ ಅವನು ಸ್ವಲ್ಪ ಬೇಗ ಬೇಗ ಓದಿದ. ಓದಿ ಮುಗಿದ ಮೇಲೆ ದೇವಸಮುದ್ರದ ಕಡೆಯ ಯರ್ರಪ್ಪ ಎಂಬ ಸದಸ್ಯ ಎದ್ದು ನಿಂತ. ಅವನು ಸಂಘದ ಸೀರೆ ನೇಯುವುದರ ಜೊತೆಗೆ ಒಂದಿಷ್ಟು ಕುರಿಯನ್ನೂ ಸಾಕಿಕೊಂಡಿದ್ದ, ಮೀಟಿಂಗಿನಲ್ಲಿ ಬಾಯಿ ಬಿಟ್ಟವನೇ ಅಲ್ಲ. ಕುಹಕವೇನೂ ಇಲ್ಲದೆ ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ:

“ಬೆಕ್ಕು ಐತಲ್ರಿ. ಮತ್ತೆ ಇಲಿ ಎಲ್ಲಿಂದ ಬಂದ್ವು?”

ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ಇಷ್ಟು ವರ್ಷ ತಡೆದುಕೊಂಡಿದ್ದ ನಗು ಇಡೀ ಸಭಾಂಗಣದಲ್ಲಿ ಹಬ್ಬಿತು. ಚಂದ್ರಣ್ಣನ ಮುಖ ಕೆಂಪಾಯಿತು. ಅವನ ಸಂಕಟ ದೊಡ್ಡದು. ಬೆಕ್ಕು ಸರಿಯಾಗಿ ಕೆಲಸ ಮಾಡಿದೆ ಎಂದರೆ ಕಾರ್ಯದರ್ಶಿ ಕಳ್ಳನೆಂದಾಗುತ್ತದೆ; ಕಾರ್ಯದರ್ಶಿ ಪ್ರಾಮಾಣಿಕ ಎಂದರೆ ತನ್ನ ರಷ್ಯಾ ಪ್ರವಾಸ ನಗೆಪಾಟಲಾಗುತ್ತದೆ. ಅವನು ಬಾಯಿ ತೆರೆಯುವ ಮೊದಲೇ ಕಿರಣ್‌ಕುಮಾರ್ ಎದ್ದು, ಗೌರವ ಉಗ್ರಾಣ ರಕ್ಷಕಿಯವರಿಂದ ಕರ್ತವ್ಯಲೋಪವಾಗಿರುವಂತೆ ಕಾಣುತ್ತದೆ, ಕಾನೂನಿನ ಮುಂದೆ ಎಲ್ಲರೂ ಒಂದೇ, ವಿಚಾರಣೆ ನಡೆಯಲಿ ಎಂದ.

ಜಯಕ್ಕನ ಬಾಗಿಲಿಗೆ ನೋಟಿಸು ಅಂಟಿತು. ಯತ್ತಪ್ಪ ಓದಿ ಹೇಳಿದ: ವಿಚಾರಣೆ ಮುಗಿಯುವವರೆಗೆ ರೇಷ್ಮಾದೇವಿಯನ್ನು ಅಮಾನತಿನಲ್ಲಿಡಲಾಗಿದೆ, ಗೋದಾಮು ಪ್ರವೇಶಿಸುವಂತಿಲ್ಲ, ಅಮಾನತಿನ ಅವಧಿಯಲ್ಲಿ ಹಾಲು ಅರ್ಧ. ಕೊನೆಯದನ್ನು ಅವನು ಎರಡು ಸಲ ಓದಿದ. ಅವತ್ತೇ ಗಾರೆಯವನು ಬಂದು ಬಚ್ಚಲ ಕಂಡಿಗೆ ಸಿಮೆಂಟು ಮೆತ್ತಿಹೋದ.

ಕೆಂಚಿ ಮುಚ್ಚಿದ ಕಂಡಿಯ ಮುಂದೆ ಕೂತು ಸಿಮೆಂಟು ಕೆರೆಯಿತು, ಜಯಕ್ಕನ ಕಡೆ ತಿರುಗಿ ಕೂಗಿತು, ಮತ್ತೆ ಕೆರೆಯಿತು. ಅದಕ್ಕೆ ಹುದ್ದೆ ಕೊಟ್ಟಾಗ ಜಯಕ್ಕನಿಗೆ ಖುಷಿಯೇನೂ ಆಗಿರಲಿಲ್ಲ. ಈಗ ಮಾತ್ರ ಸತ್ತ ಗಂಡ ನೆನಪಾದ. ಅವನು ನೇಯ್ದ ಸೀರೆಯಲ್ಲಿ ಇಲ್ಲದ ಕುಂದು ಹುಡುಕಿ ಇದೇ ಸಂಘದವರು ಕೂಲಿ ಮುರಿದುಕೊಂಡಿದ್ದರು. ಅವನೂ ಹೀಗೇ ಸಂಘದ ಮುಚ್ಚಿದ ಬಾಗಿಲ ಮುಂದೆ ಬಹಳ ಹೊತ್ತು ಕೂತಿದ್ದು ಎದ್ದು ಬಂದಿದ್ದ. ಅವಳು ಕೆಂಚಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ತಲೆ ಸವರಿದಳು. ಹಾಗೆ ಎತ್ತಿಕೊಂಡದ್ದು ಅದೇ ಮೊದಲು. ಬೆಕ್ಕಿಗೆ ಅದು ಇಷ್ಟವಾಗಲಿಲ್ಲ, ಇಳಿದು ಹೋಯಿತು.

ವಿಚಾರಣೆಗೆ ನೇಮಕವಾದವರು ಪ್ರಭು ಎಂಬ ನಿವೃತ್ತ ಅಧಿಕಾರಿ. ಯಾವ ಕೆಲಸವನ್ನೂ ಕ್ರಮ ತಪ್ಪದೆ ಮಾಡುವವರೆಂದು ಹೆಸರಾದವರು. ಸಭಾಂಗಣದಲ್ಲಿ ಮೇಜಿನ ಒಂದು ಕಡೆ ಅವರು, ಇನ್ನೊಂದು ಕಡೆ ಕಿರಣ್‌ಕುಮಾರ್, ಎದುರಿಗೆ ಬುಟ್ಟಿಯಲ್ಲಿ ಕೆಂಚಿಯನ್ನು ಇಟ್ಟುಕೊಂಡು ಜಯಕ್ಕ. ನೋಡಲು ಬಂದ ಜನ ಕಿಟಕಿಗಳಲ್ಲಿ ನೇತಾಡುತ್ತಿದ್ದರು. ಪ್ರಭು ಅವರು ಮೊದಲು ಹೆಸರು ಕೇಳಿದರು. ಕೆಂಚಿ ಎಂದಳು ಜಯಕ್ಕ. ಆದೇಶದಲ್ಲಿ ರೇಷ್ಮಾದೇವಿ ಎಂದಿತ್ತು. ‘ರೇಷ್ಮಾದೇವಿ ಉರುಫ್ ಕೆಂಚಿ’ ಎಂದು ಬರೆದುಕೊಂಡರು. ಕುಮಾರಿಯೋ ಶ್ರೀಮತಿಯೋ ಎಂದು ಕೇಳಿದರು. ಮೂರು ಸಲ ಮರಿ ಹಾಕಿದೆ ಎಂದಳು. ಶ್ರೀಮತಿ ಎಂದು ಬರೆದುಕೊಂಡರು. ಆಪಾದನೆಗಳನ್ನು ಆಪಾದಿತರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವಿದ್ದುದರಿಂದ, ಇದಕ್ಕೆ ಕನ್ನಡ ತಿಳಿಯುತ್ತದೆಯೋ ತೆಲುಗೋ ಎಂದರು.

“ದಾ ದಾ ಅಂದ್ರೆ ಬರ್ತೈತೆ, ಹೋಗತ್ಲಾಗೆ ಅಂದ್ರೆ ಹೋಗ್ತೈತೆ ಸ್ವಾಮಿ,” ಎಂದಳು ಜಯಕ್ಕ. “ಕರೆಯೋಕೆ ತೆಲುಗು, ಓಡ್ಸೋಕೆ ಕನ್ನಡ.”

ಪ್ರಭು ಅವರು ಆಪಾದನೆಯನ್ನು ಎರಡೂ ಭಾಷೆಯಲ್ಲಿ ಓದಿದರು. ಬುಟ್ಟಿಯೊಳಗೆ ಕೆಂಚಿ ಕಾಲು ನೆಕ್ಕಿಕೊಳ್ಳುತ್ತಿತ್ತು. ಆಮೇಲೆ ಕಿರಣ್‌ಕುಮಾರ್ ಎದ್ದು, ಇಷ್ಟೊಂದು ಜರಿಯನ್ನು ಇಲಿಗಳು ತಿನ್ನುವವರೆಗೆ ಇದು ಏನು ಮಾಡುತ್ತಿತ್ತು ಎಂದು ಕೇಳಿದ. ಉತ್ತರ ಕೊಡಬೇಕಾದವಳು ಜಯಕ್ಕ. ಅವಳು ಸೆರಗು ಸರಿಮಾಡಿಕೊಂಡು, ಅವನ ಕಡೆ ನೋಡದೆ ಪ್ರಭು ಅವರಿಗೆ ಹೇಳಿದಳು:

“ಇಲಿ ಜರಿ ತಿಂದ್ರೆ ಅದರ ಹಿಕ್ಕೆ ಮಿನುಗಬೇಕಲ್ಲ ಸ್ವಾಮಿ. ನಾನು ಅಲ್ಲಿ ಗುಡಿಸೋಳು. ಒಂದಿನಾನೂ ಮಿನುಗಿದ್ದು ಕಾಣ್ಲಿಲ್ಲ.”

ಕಿಟಕಿಯಲ್ಲಿದ್ದವರು ನಕ್ಕ ರಭಸಕ್ಕೆ ಒಬ್ಬ ಕೆಳಗೆ ಬಿದ್ದ. ಕಿರಣ್‌ಕುಮಾರ್ ಕೂತ. ಪ್ರಭು ಅವರು ಆ ಮಾತನ್ನು ಬರೆದುಕೊಳ್ಳಲು ಹೋಗಿ, ಪೆನ್ನು ಎತ್ತಿ, ಏನೋ ಯೋಚಿಸಿ, ಮಧ್ಯಾಹ್ನದ ಊಟಕ್ಕೆ ವಿಚಾರಣೆ ನಿಲ್ಲಿಸಿದರು. ಊಟ ಚಂದ್ರಣ್ಣನ ಮನೆಯಲ್ಲಿತ್ತು. ಊಟವಾದ ಮೇಲೆ ಪ್ರಭು ಅವರ ಮಗಳ ಮದುವೆಗೆಂದು ಕಿರಣ್‌ಕುಮಾರ್ ಸೀರೆಗಳನ್ನು ಹರಡಿ ತೋರಿಸಿದ. ಇಬ್ಬರನ್ನೂ ನೋಯಿಸಬಾರದೆಂದು ಪ್ರಭು ಅವರಿಗೆ ಅನ್ನಿಸಿದ್ದು ಆಗಲೇ ಇರಬೇಕು.

ವಾರದ ಮೇಲೆ ಬಂದ ವರದಿಯ ಪ್ರಕಾರ ಬೆಕ್ಕಿನದೂ ತಪ್ಪಿರಲಿಲ್ಲ, ಕಾರ್ಯದರ್ಶಿಯದೂ ತಪ್ಪಿರಲಿಲ್ಲ. ಸಂಘದ ಇಲಿಗಳನ್ನು ಬೆಕ್ಕು ನಿಷ್ಠೆಯಿಂದ ಹಿಡಿದಿತ್ತು. ಜರಿ ತಿಂದವು ಬೇರೆ ಇಲಿಗಳು. ಅವು ಆಂಧ್ರದ ಗಡಿ ದಾಟಿ ಸರಕಿನ ಗಾಡಿಗಳಲ್ಲಿ ಬಂದು, ತಿಂದು, ಅದೇ ಗಾಡಿಗಳಲ್ಲಿ ವಾಪಸು ಹೋಗುತ್ತಿದ್ದವು. ಹಿಕ್ಕೆಯನ್ನೂ ಅವು ಆಚೆಯೇ ಹಾಕುತ್ತಿದ್ದುದರಿಂದ ಈ ಕಡೆ ಮಿನುಗುವ ಪ್ರಶ್ನೆ ಬರುವುದಿಲ್ಲ. ಹೊರರಾಜ್ಯದ ಇಲಿಗಳು ನಮ್ಮ ಬೆಕ್ಕಿನ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಆಪಾದನೆಯನ್ನು ಕೈಬಿಡಲಾಗಿದೆ. ಚಂದ್ರಣ್ಣ ವರದಿಯನ್ನು ಓದಿಸಿ ಕೇಳಿ, ಇಂಥ ಅಧಿಕಾರಿಗಳು ಈಗ ಸಿಗುವುದಿಲ್ಲ ಎಂದ. ಕಿರಣ್‌ಕುಮಾರ್ ಕೂಡ ಒಪ್ಪಿದ. ಆದರೆ ಜಯಕ್ಕನ ಮಾತು ಅವನ ಕಿವಿಯಿಂದ ಹೋಗಿರಲಿಲ್ಲ. ರೇಷ್ಮಾದೇವಿಯ ಸೇವೆ ಈಗ ಚಳ್ಳಕೆರೆಯ ನಮ್ಮ ಮಾರಾಟ ಮಳಿಗೆಗೆ ಹೆಚ್ಚು ಬೇಕಾಗಿದೆ, ಇದನ್ನು ಬಡ್ತಿ ಎಂದೇ ತಿಳಿಯಬೇಕು ಎಂದು ಅಧ್ಯಕ್ಷರಿಗೆ ಬಿಡಿಸಿ ಹೇಳಿ ವರ್ಗಾವಣೆಯ ಆದೇಶಕ್ಕೆ ಸಹಿ ಹಾಕಿಸಿದ.

ಜಯಕ್ಕ ಜಗಳವಾಡಲಿಲ್ಲ. ನನ್ನದಲ್ಲ ಎಂದು ಮೊದಲೇ ಹೇಳಿದ್ದವಳು ಈಗ ಕೊಡುವುದಿಲ್ಲ ಎನ್ನುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ. ಬುಟ್ಟಿಯಲ್ಲಿ ಹಳೇ ಸೀರೆಯ ತುಂಡು ಹಾಸಿ, ಕೆಂಚಿಯನ್ನು ಕೂರಿಸಿ, ಮೇಲೆ ಇನ್ನೊಂದು ತುಂಡು ಬಿಗಿದು ಕಟ್ಟಿಕೊಟ್ಟಳು.

ಯತ್ತಪ್ಪ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಸರ್ಕಾರಿ ಬಸ್ಸಿನಲ್ಲಿ ಚಳ್ಳಕೆರೆಗೆ ಹೊರಟ. ಬುಟ್ಟಿ ಮಿಯಾಂವ್ ಎಂದದ್ದು ಕೇಳಿ ಕಂಡಕ್ಟರ್ ಬೆಕ್ಕಿಗೂ ಟಿಕೆಟ್ ತೆಗೆಯಬೇಕು ಎಂದ. ಇದು ಹೆಣ್ಣು, ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ ಎಂದು ಯತ್ತಪ್ಪ ವಾದಿಸಿದ. ಹಾಗಾದರೆ ಆಧಾರ್ ತೋರಿಸು ಎಂದ ಕಂಡಕ್ಟರ್. ಯತ್ತಪ್ಪ ಬಟ್ಟೆ ಸಡಿಲಿಸಿ ಕೆಂಚಿಯ ಕೊರಳಿನ ಗುರುತಿನ ಚೀಟಿ ತೋರಿಸಿದ. ಫೋಟೋ, ಹೆಸರು, ಹುದ್ದೆ, ಮೊಹರು ಎಲ್ಲ ಸರಿಯಾಗಿತ್ತು. ಕಂಡಕ್ಟರ್ ಅದನ್ನು ಎರಡು ಸಲ ಓದಿ, ಬೆಕ್ಕಿನ ಮುಖ ನೋಡಿ ಮುಂದಿನ ಸೀಟಿಗೆ ಹೋದ.

ಚಳ್ಳಕೆರೆಯ ಮಳಿಗೆಯಲ್ಲಿ ಬುಟ್ಟಿ ಬಿಚ್ಚಿದ್ದೇ ತಡ, ಕೆಂಚಿ ಹಾರಿ ಗಲ್ಲಾಪೆಟ್ಟಿಗೆಯ ಮೇಲಿಂದ ಬೀದಿಗೆ ಇಳಿದು ಕಾಣದಾಯಿತು. ಮಳಿಗೆಯವನು ‘ಕರ್ತವ್ಯಕ್ಕೆ ಹಾಜರಾಗಿ ರಜೆಯ ಮೇಲೆ ತೆರಳಿದ್ದಾರೆ’ ಎಂದು ಬರೆದು ಸಂಘಕ್ಕೆ ಕಳಿಸಿ ಕೈ ತೊಳೆದುಕೊಂಡ. ಇತ್ತ ಜಯಕ್ಕ ಎಷ್ಟೋ ದಿನ ಬೆಳಿಗ್ಗೆ ಮಜ್ಜಿಗೆ ಅನ್ನ ಕಲಸಿ, ಆಮೇಲೆ ನೆನಪಾಗಿ, ತಾನೇ ತಿನ್ನುತ್ತಿದ್ದಳು.

ಹೊಲಗಳಲ್ಲಿ ಶೇಂಗಾ ಕಿತ್ತು ಮುಗಿದ ಮೇಲೆ ಇಲಿಗಳು ಊರೊಳಗೆ ಬಂದವು. ಗೋದಾಮಿನ ಹೆಂಚಿನ ಸಂದಿಯಿಂದ ಇಳಿದವು. ಬೆಕ್ಕಿನ ವಾಸನೆ ಹಳೆಯದಾಗಿತ್ತು. ಒಂದು ಬೆಳಿಗ್ಗೆ ಕಿರಣ್‌ಕುಮಾರ್ ಬೀಗ ತೆಗೆದು ನೋಡಿದರೆ, ದೊಡ್ಡ ಆರ್ಡರಿಗೆಂದು ಕಟ್ಟಿಟ್ಟಿದ್ದ ಸೀರೆಗಳು ಚಿಂದಿಯಾಗಿ ಬಿದ್ದಿದ್ದವು. ಇಲಿಗಳು ಸೆರಗು ಕಡಿದಿದ್ದವು, ಒಡಲು ಕಡಿದಿದ್ದವು, ಅರ್ಧರ್ಧ ಬಿಟ್ಟಿದ್ದವು, ನೆಲದ ತುಂಬ ಹಿಕ್ಕೆ. ಕಾರ್ಯದರ್ಶಿಯಾದ ಮೇಲೆ ಮೊದಲ ಸಲ ಅವನು ಇಲಿಯ ವಿಷಯದಲ್ಲಿ ನಿಜ ಹೇಳಲು ಅಧ್ಯಕ್ಷರ ಮನೆಗೆ ಓಡಿದ.

ತುರ್ತು ಸಭೆ ಗೋದಾಮಿನಲ್ಲೇ ಸೇರಿತು. ಕಿರಣ್‌ಕುಮಾರ್ ಚಿಂದಿಗಳನ್ನು ಮೇಜಿನ ಮೇಲೆ ಹರಡಿ, ಇದು ಇಲಿಗಳ ಕೆಲಸ, ನನ್ನ ಮಕ್ಕಳಾಣೆ ಎಂದ. ಸದಸ್ಯರು ಚಿಂದಿಗಳನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಯರ್ರಪ್ಪ ಎದ್ದು ನಿಂತ. ಕಳೆದ ಸಲದ ಪ್ರಶ್ನೆಯಿಂದ ಅವನಿಗೆ ಮಾತಿನ ರುಚಿ ಹತ್ತಿತ್ತು.

“ಇಷ್ಟು ವರ್ಸ ನೀವೇ ಓದೀರಿ, ನಮ್ಮ ಸಂಘದ ಇಲಿ ಚೂರೂ ಬಿಡಲ್ಲ, ರಟ್ಟೂ ಬಿಡಲ್ಲ ಅಂತ. ಇಲ್ಲಿ ನೋಡಿದ್ರೆ ಅರ್ಧ ಅಂಗೇ ಐತೆ, ರಟ್ಟು ಪೂರಾ ಐತೆ. ಇದು ಇಲಿ ಕೆಲಸ ಅಲ್ಲ. ಯಾರೋ ಕತ್ತರಿ ಆಡ್ಸ್ಯಾರೆ.”

ಎಲ್ಲರೂ ಹೌದೆಂದರು. ಕಿರಣ್‌ಕುಮಾರ್ ನೆಲದ ಹಿಕ್ಕೆ ತೋರಿಸಿದ. ಅದನ್ನು ಎಲ್ಲಿಂದಾದರೂ ತಂದು ಸುರಿಯಬಹುದು ಎಂದರು. ಸಿಮೆಂಟು ಮೆತ್ತಿದ ಕಂಡಿಯಲ್ಲಿ ಇಲಿ ಹೇಗೆ ಬರುತ್ತದೆ ಎಂದರು. ಆಂಧ್ರದ ಗಾಡಿ ಈ ತಿಂಗಳು ಒಂದೂ ಬಂದಿಲ್ಲ ಎಂದರು. ಮೂಲೆಯಲ್ಲಿ ಗುಡಿಸಲು ನಿಂತಿದ್ದ ಜಯಕ್ಕ ಮಾತ್ರ, ಇದು ಇಲಿಯೇ ಕಡಿದದ್ದು, ಹಲ್ಲಿನ ಗುರುತು ಕಾಣುತ್ತದಲ್ಲ ಎಂದು ಅವನ ಪರವಾಗಿ ಹೇಳಿದಳು. ಅವಳಿಗೆ ಅವನ ಮೇಲೆ ಪ್ರೀತಿಯೇನೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಪಾಪದ ಹೆಂಗಸು, ಹೆದರಿಸಿ ಹೇಳಿಸುತ್ತಿದ್ದಾನೆ ಎಂದು ಸದಸ್ಯರು ಇನ್ನಷ್ಟು ಸಿಟ್ಟಾದರು. ಕದ್ದ ಜರಿಗೆಲ್ಲ ತಲೆಯಾಡಿಸಿದ್ದ ಸಭೆ, ಅವನು ಮುಟ್ಟದ ಸೀರೆಗಳ ನಷ್ಟವನ್ನು ಅವನಿಂದಲೇ ತುಂಬಿಸಿಕೊಂಡು ರಾಜೀನಾಮೆ ಬರೆಸಿಕೊಂಡಿತು. ಕಿರಣ್‌ಕುಮಾರ್ ಮಗುವಿನಂತೆ ಅತ್ತ. ತನಗೆ ಅನ್ಯಾಯವಾಯಿತೆಂದು ಈಗಲೂ ಅವನು ಸಿಕ್ಕಸಿಕ್ಕವರಿಗೆ ಹೇಳುತ್ತಾನೆ, ಅದು ನಿಜವೂ ಹೌದು.

ಈ ಗಲಾಟೆಯಲ್ಲಿ ತಾನು ಅಧ್ಯಕ್ಷನಾಗಿ ಉಳಿದದ್ದೇ ದೊಡ್ಡದು ಎಂದುಕೊಂಡ ಚಂದ್ರಣ್ಣ, ರೇಷ್ಮಾದೇವಿಯನ್ನು ಗೌರವದಿಂದ ವಾಪಸು ಕರೆತರಬೇಕೆಂದು ಜಯಕ್ಕನನ್ನೂ ಯತ್ತಪ್ಪನನ್ನೂ ಚಳ್ಳಕೆರೆಗೆ ಕಳಿಸಿದ. ಅವರು ಮಳಿಗೆಯ ಸುತ್ತಮುತ್ತ ಕೇಳಿದರು, ಸಂತೆಯಲ್ಲಿ ಕೇಳಿದರು, ಕಂಬಳಿ ಅಂಗಡಿಗಳಲ್ಲಿ ಕೇಳಿದರು. ಕೊನೆಗೆ ಒಬ್ಬ ಹಮಾಲಿ, ಬಾಷಾ ಸಾಬರ ಮಿಲ್ಲಿನಲ್ಲಿ ಒಂದು ಕೆಂಚು ಬೆಕ್ಕು ಇದೆ ಎಂದು ಕೈ ತೋರಿಸಿದ.

ಅದು ಶೇಂಗಾ ಎಣ್ಣೆಯ ಮಿಲ್ಲು. ಬಾಷಾ ಸಾಬರು ಅಲ್ಲಿನ ಮೇಸ್ತ್ರಿ, ಬಿಳಿ ಗಡ್ಡದ ಮುದುಕ. ಬಂದ ಇಬ್ಬರನ್ನೂ ಚೀಲಗಳ ಒಟ್ಟಿಲಿನ ಹಿಂದಕ್ಕೆ ಕರೆದುಕೊಂಡು ಹೋದರು. ಗೋಣಿಯ ಮೇಲೆ ಕೆಂಚಿ ಮಲಗಿತ್ತು. ಕೊರಳು ಬರಿದಾಗಿತ್ತು. ಹೊಟ್ಟೆಗೆ ಅಂಟಿಕೊಂಡು ಮರಿಗಳು ಹಾಲು ಕುಡಿಯುತ್ತಿದ್ದವು. ಜಯಕ್ಕ ಕುಕ್ಕರುಗಾಲಲ್ಲಿ ಕೂತು ದಾ ದಾ ಎಂದಳು. ಕೆಂಚಿ ಕಣ್ಣು ತೆರೆದು ಅವಳನ್ನು ಗುರುತು ಹಿಡಿಯಿತು. ಗಂಟಲಲ್ಲಿ ಗುರುಗುರು ಎಂದಿತು. ಆದರೆ ಏಳಲಿಲ್ಲ.

ಇದು ಸಂಘದ ನೌಕರಿಯ ಬೆಕ್ಕು, ವಾಪಸು ಒಯ್ಯಲು ಆದೇಶವಿದೆ ಎಂದು ಯತ್ತಪ್ಪ ಶುರುಮಾಡಿದ. ಬಾಷಾ ಸಾಬರು ಪೂರ್ತಿ ಕೇಳಿಸಿಕೊಂಡರು. ಇದು ಬಂದ ಮೇಲೆ ಚೀಲಕ್ಕೆ ತೂತು ಬಿದ್ದಿಲ್ಲ, ನೌಕರಿ ಗೀಕರಿ ನಮಗೆ ಗೊತ್ತಿಲ್ಲ, ಬರುತ್ತದೆ ಅಂದರೆ ಕರೆದುಕೊಂಡು ಹೋಗಿ, ಆದರೆ ಬುಟ್ಟಿಗೆ ತುರುಕಿ ಒಯ್ಯುವುದಾದರೆ ಬಿಡುವುದಿಲ್ಲ ಎಂದರು. ಆಮೇಲೆ ಜಯಕ್ಕನ ಕಡೆ ತಿರುಗಿ, ನೀನು ಸಾಕಿದವಳಾ ಬೇಟಿ ಎಂದು ಕೇಳಿದರು.

“ಇಲ್ಲ ಸಾಬ್ರೆ,” ಎಂದಳು ಜಯಕ್ಕ. “ನಮ್ಮನೆಯಾಗೆ ಇತ್ತು ಅಷ್ಟೇ.”

ಅವಳು ಸ್ವಲ್ಪ ಹೊತ್ತು ಮರಿಗಳನ್ನು ನೋಡುತ್ತ ಕೂತಳು. ಒಂದು ಮರಿಯ ಬೆನ್ನಿಗೆ ಅಂಟಿದ್ದ ಶೇಂಗಾ ಸಿಪ್ಪೆ ತೆಗೆದಳು. ಬಂದಾಗ ಇದ್ದ ಆತುರ ಈಗ ಇರಲಿಲ್ಲ. ಇಲ್ಲಿ ಇದರ ಹೆಸರನ್ನು ಯಾರೂ ಬದಲಿಸಿರಲಿಲ್ಲ, ಏಕೆಂದರೆ ಯಾರೂ ಹೆಸರೇ ಇಟ್ಟಿರಲಿಲ್ಲ. ಅವಳು ಮಂಡಿ ಹಿಡಿದುಕೊಂಡು ಎದ್ದು, ಹೋಗೋಣ ಎಂದಳು. ಅಧ್ಯಕ್ಷರಿಗೆ ಏನು ಹೇಳುವುದು ಎಂದು ಯತ್ತಪ್ಪ ಕಂಗಾಲಾದ. ರಿಟೈರ್ಡ್ ಆಗಿದೆ ಎಂದು ಹೇಳು, ಸನ್ಮಾನ ಬೇಕಾದರೆ ಅವರೇ ಮಾಡಿಕೊಳ್ಳಲಿ ಎಂದಳು ಜಯಕ್ಕ.

ಬಾಷಾ ಸಾಬರು ಅವರ ಖಾಲಿ ಬುಟ್ಟಿಗೆ ಒಂದು ಸೇರಿನಷ್ಟು ಹುರಿದ ಶೇಂಗಾ ಹಾಕಿ ಕಳಿಸಿದರು. ಬಸ್ಸು ಊರು ದಾಟುವಷ್ಟರಲ್ಲಿ ಯತ್ತಪ್ಪ ಬಾಯಿ ತೆರೆದುಕೊಂಡು ನಿದ್ದೆ ಹೋದ. ಹೊರಗೆ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು, ಬಸ್ಸು ನಿಂತಿತು. ಜಯಕ್ಕನಿಗೆ ಒಮ್ಮೆ ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಹಸಿವಾಗಿದ್ದು ಗೊತ್ತಾಗಿ, ಬುಟ್ಟಿಯಿಂದ ಶೇಂಗಾ ತೆಗೆದು ಒಂದೊಂದಾಗಿ ಸುಲಿದು ತಿನ್ನತೊಡಗಿದಳು.